ನೆಪೋಲಿಯನ್ ಬರಲಿಲ್ಲ, ನಾವು ಹೋದೆವು

ನಾನು ಹುಟ್ಟಿದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಅದರಲ್ಲಿ ನನ್ನ ಶ್ರಮವೇನೂ ಇಲ್ಲದಿದ್ದರೂ ಅದನ್ನೊಂದು ಸಾಧನೆಯೆಂದೇ ಹೇಳಿಕೊಂಡು ಬಂದಿದ್ದೇನೆ. ಸಾಲದ್ದಕ್ಕೆ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾಗಿ ನಿವೃತ್ತನಾದವನು. ಹೀಗಾಗಿ ಕೋಟೆ, ಕಂದಕ, ಬುರುಜು, ಮುತ್ತಿಗೆ ಇವುಗಳ ವಿಷಯದಲ್ಲಿ ನನ್ನ ಮಾತೇ ಅಂತಿಮ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಆಳವಾಗಿ ಬೇರೂರಿದೆ. ಮನೆಯಲ್ಲಿ ಎಂದರೆ ನನ್ನೊಬ್ಬನಲ್ಲಿ. ನನ್ನಾಕೆಯ ಲೆಕ್ಕವೇ ಬೇರೆ. “ಕೋಟೇಲಿ ಹುಟ್ಟಿದವರಿಗೆ ಸಾಸಿವೆ ಡಬ್ಬಿ ಯಾವುದು, ಮೆಂತ್ಯದ ಡಬ್ಬಿ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ” ಎಂಬುದು ಅವಳು ಬಂದವರೆದುರು ಹೇಳುವ ಮಾತು.

ಹೋದ ವರ್ಷ ಲಂಡನ್ನಿನ ಮಗಳ ಮನೆಗೆ ಹೋಗಿದ್ದೆವು. ಥೇಮ್ಸ್ ದಂಡೆಯ ಬಸವಣ್ಣನವರಿಗೆ ಕೈಮುಗಿದದ್ದಾಯಿತು. ದೊಡ್ಡ ಗಡಿಯಾರದ ಮುಂದೆ ಫೋಟೊ ಆಯಿತು. ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿಯ ಪಕ್ಕ ನಿಂತು “ಇದು ನಮ್ಮೂರಿನ ಸಾಮಾನು” ಎಂದು ಸಿಕ್ಕಸಿಕ್ಕ ಪ್ರವಾಸಿಗರಿಗೆಲ್ಲ ತಿಳಿಸಿದ್ದೂ ಆಯಿತು. ಆಮೇಲೆ ಮಗಳು, “ಅಪ್ಪಾ, ಒಂದಷ್ಟು ದಿನ ಸಮುದ್ರದ ಕಡೆ ಹೋಗಿ ಬರೋಣ, ಹೋಟೆಲ್ ನೋಡ್ಲಾ?” ಎಂದಳು. ಅಳಿಯಂದಿರಿಗೆ ರಜೆ ಇಲ್ಲ. ಹೊರಡುವವರು ಮಗಳು, ಮೊಮ್ಮಗ, ನಾವಿಬ್ಬರು.

ಹೋಟೆಲ್ಲಿಗೆ ನಾನು ಒಪ್ಪಲಿಲ್ಲ. ಇಂಗ್ಲಿಷ್ ಹೋಟೆಲಿನಲ್ಲಿ ಸಸ್ಯಾಹಾರಿಗೆ ಕೊಡುವ ತಿಂಡಿಯನ್ನು ಅದಾಗಲೇ ಉಂಡವನು ನಾನು: ಒಣಗಿದ ಬ್ರೆಡ್ಡು, ಅರೆಬೆಂದ ಟೊಮ್ಯಾಟೊ, ಸಿಹಿ ಸಾಸಿನಲ್ಲಿ ಮುಳುಗಿಸಿದ ಕಾಳು. ಮಗಳ ಲ್ಯಾಪ್‌ಟಾಪ್ ಎಳೆದುಕೊಂಡು ನಾನೇ ಹುಡುಕಲು ಕೂತೆ. ಸಿಕ್ಕಿದ್ದು ಸಫೋಕ್ ಜಿಲ್ಲೆಯ ಆಲ್ಡ್‌ಬರೊ ಎಂಬ ಕಡಲೂರಿನ ಮಾರ್ಟೆಲೊ ಗೋಪುರ. ನೆಪೋಲಿಯನ್ನನನ್ನು ತಡೆಯಲು ಕಟ್ಟಿದ ಕೋಟೆ! ಈಗ ಅದನ್ನು ರಜೆಗೆ ಬಾಡಿಗೆಗೆ ಕೊಡುತ್ತಾರೆ. ಮನೆ, ಮಂಚ, ಪಾತ್ರೆ, ಒಲೆ ಅವರದು. ಅಕ್ಕಿ, ಬೇಳೆ, ಬೇಯಿಸುವ ಕೈ ನಮ್ಮದು.

“ಬೇಯಿಸೋ ಕೈ ಯಾರದು?” ಎಂದಳು ನನ್ನಾಕೆ.

“ನನ್ನದು” ಎಂದುಬಿಟ್ಟೆ. “ನೀನು ಆರಾಮವಾಗಿ ಸಮುದ್ರ ನೋಡು. ಮುತ್ತಿಗೆಯಲ್ಲಿ ಎಷ್ಟೋ ಕೋಟೆ ಬಿದ್ದಿದ್ದು ಉಗ್ರಾಣ ಖಾಲಿಯಾಗಿ. ಈ ಸಲ ಉಗ್ರಾಣ ನನ್ನ ಸುಪರ್ದಿನಲ್ಲಿರಲಿ.”

ಅವಳು ಏನೂ ಹೇಳಲಿಲ್ಲ. ಮಗಳ ಮನೆಯ ಔಷಧಿ ಡಬ್ಬಿ ತೆಗೆದು ಸುಟ್ಟಗಾಯದ ಮುಲಾಮನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಕಾರಿನಲ್ಲಿ ಪಾಠ ಮಾಡಿದೆ. 1794ರಲ್ಲಿ ಕಾರ್ಸಿಕಾ ದ್ವೀಪದ ಮೊರ್ಟೆಲ್ಲಾ ಎಂಬ ಭೂಶಿರದಲ್ಲಿದ್ದ ಒಂದು ಗುಂಡನೆಯ ಗೋಪುರಕ್ಕೆ ಬ್ರಿಟಿಷರ ಎರಡು ಯುದ್ಧನೌಕೆಗಳು ಗಂಟೆಗಟ್ಟಲೆ ಗುಂಡು ಹಾರಿಸಿದವು. ಗೋಪುರ ಅಲುಗಲಿಲ್ಲ, ನೌಕೆಗಳೇ ಪೆಟ್ಟು ತಿಂದು ಹಿಂದೆ ಸರಿದವು. ಕೊನೆಗೆ ಅದನ್ನು ನೆಲದ ಕಡೆಯಿಂದ ಹಿಡಿಯಬೇಕಾಯಿತು. ನೆಪೋಲಿಯನ್ನನ ಭಯ ಹತ್ತಿದಾಗ ಬ್ರಿಟಿಷರು ತಮ್ಮ ಕರಾವಳಿಯಲ್ಲಿ ಅದೇ ಬಗೆಯ ಗೋಪುರಗಳನ್ನು ಕಟ್ಟಿಸಿದರು. ದಕ್ಷಿಣದಲ್ಲಿ 74, ಪೂರ್ವದಲ್ಲಿ 29. ನಕಲು ಮಾಡುವವರನ್ನು ನನ್ನ ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಏಟು ತಿಂದ ಮೇಲೆ ನಕಲು ಮಾಡಿದವರು ಇವರೇ ಮೊದಲು.

ದಕ್ಷಿಣದ ಗೋಪುರಗಳಿಗೆ ಅಂಕಿ ಕೊಟ್ಟರು, ಪೂರ್ವದವಕ್ಕೆ ಅಕ್ಷರ. ಎ ಇಂದ ಜ಼ೆಡ್‌ವರೆಗೆ ಮುಗಿದು ಇನ್ನೂ ಗೋಪುರ ಉಳಿದವು. ನಮ್ಮದು ಕಟ್ಟಕಡೆಯದು, ‘ಸಿಸಿ’. ಸಾಲಿನಲ್ಲಿ ಎಲ್ಲಕ್ಕಿಂತ ಉತ್ತರದ್ದು, ಎಲ್ಲಕ್ಕಿಂತ ದೊಡ್ಡದು. ಉಳಿದವು ಒಂಟಿ ಗೋಪುರಗಳಾದರೆ ಇದು ನಾಲ್ಕು ಗೋಪುರಗಳನ್ನು ಒಂದಕ್ಕೊಂದು ಅಂಟಿಸಿ ನಾಲ್ಕೆಸಳಾಗಿ ಕಟ್ಟಿದ್ದು. ಹತ್ತಿರ ಹತ್ತಿರ ಹತ್ತು ಲಕ್ಷ ಇಟ್ಟಿಗೆ ಹಿಡಿಸಿತಂತೆ. ಕೆಲಸ ನಡೆದದ್ದು 1808ರಿಂದ 1812ರವರೆಗೆ. ಇಂಗ್ಲೆಂಡಿಗೆ ನುಗ್ಗಲೆಂದು ಬೂಲೋನ್‌ನಲ್ಲಿ ಬೀಡುಬಿಟ್ಟಿದ್ದ ನೆಪೋಲಿಯನ್ನನ ಸೈನ್ಯ ಡೇರೆ ಕಿತ್ತು ಹೊರಟುಹೋಗಿದ್ದು 1805ರಲ್ಲಿ. ಅಂದರೆ ಕಳ್ಳ ಬೇರೆ ಊರಿಗೆ ಹೋದ ಮೂರು ವರ್ಷದ ಮೇಲೆ ಇವರು ಬಾಗಿಲಿಗೆ ಅಳತೆ ತೆಗೆಯಲು ಶುರುಮಾಡಿದರು. ಸರ್ಕಾರಿ ಕಾಮಗಾರಿ ಎಲ್ಲ ದೇಶದಲ್ಲೂ ಒಂದೇ ಎಂದು ತಿಳಿದು ನನಗೆ ಆ ಗೋಪುರದ ಮೇಲೆ ನೋಡುವ ಮೊದಲೇ ಪ್ರೀತಿ ಹುಟ್ಟಿತು.

“ಇನ್ನೊಂದು ಸಂಬಂಧ ಇದೆ” ಎಂದೆ. “1799ರ ಜನವರಿಯಲ್ಲಿ ಇದೇ ನೆಪೋಲಿಯನ್ ಕೈರೋದಿಂದ ನಮ್ಮ ಟಿಪ್ಪುವಿಗೆ ಕಾಗದ ಬರೆದ. ಕಾಗದ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ನೇ ತಾರೀಕು ಶ್ರೀರಂಗಪಟ್ಟಣ ಬಿತ್ತು. ನೆಪೋಲಿಯನ್ ನಮ್ಮೂರಿಗೂ ಬರಲಿಲ್ಲ, ಆಲ್ಡ್‌ಬರೊಗೂ ಬರಲಿಲ್ಲ.”

“ನಮ್ಮ ಕೋಟೆ ಒಡೆದವರಿಗೆ ಈಗ ನಾವೇ ಬಾಡಿಗೆ ಕೊಟ್ಟು ಅವರ ಕೋಟೇಲಿ ಅನ್ನ ಬೇಯಿಸೋಕೆ ಹೊರಟಿದೀವಿ, ಅಷ್ಟೇ ತಾನೆ?” ಎಂದಳು ನನ್ನಾಕೆ. ಎರಡು ಶತಮಾನದ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಹೇಳಬಹುದೆಂದು ನನಗೆ ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ.

ಗೋಪುರ ನಿಂತಿರುವ ಜಾಗ ನಿಜಕ್ಕೂ ಸೊಗಸು. ಒಂದು ಕಡೆ ಉತ್ತರ ಸಮುದ್ರ, ಇನ್ನೊಂದು ಕಡೆ ಆಲ್ಡ್ ನದಿ, ನಡುವೆ ಬೆಣಚುಕಲ್ಲಿನ ಕಿರಿದಾದ ಪಟ್ಟಿ. ಸುತ್ತ ಕಂದಕ, ಅದರ ಮೇಲೆ ಸೇತುವೆ, ಒಳಗೆ ಇಟ್ಟಿಗೆಯ ಕಮಾನು ಚಾವಣಿ. ಪಾಳುಬಿದ್ದಿದ್ದ ಇದನ್ನು 1971ರಲ್ಲಿ ಕೊಂಡು ದುರಸ್ತಿ ಮಾಡಿದ್ದು ಲ್ಯಾಂಡ್‌ಮಾರ್ಕ್ ಟ್ರಸ್ಟ್. ಬೀಳುವ ಸ್ಥಿತಿಯಲ್ಲಿರುವ ಹಳೆಯ ಕಟ್ಟಡಗಳನ್ನು ಉಳಿಸಿ, ತಂಗುವವರಿಗೆ ಕೊಟ್ಟು, ಆ ದುಡ್ಡಿನಲ್ಲೇ ಅವನ್ನು ನೋಡಿಕೊಳ್ಳಲೆಂದು ಜಾನ್ ಸ್ಮಿತ್ ದಂಪತಿ 1965ರಲ್ಲಿ ಕಟ್ಟಿದ ಸಂಸ್ಥೆ. ಅವರ ಮನೆಗಳಲ್ಲಿ ಟಿವಿ ಇಡುವುದಿಲ್ಲ. ಇದನ್ನು ಕೇಳಿ ಮೊಮ್ಮಗ ನನ್ನನ್ನು ನೋಡಿದ ನೋಟದಲ್ಲಿ ಮರಾಠರು, ನಿಜಾಮರು, ಬ್ರಿಟಿಷರು ಮೂವರೂ ಒಟ್ಟಿಗೆ ಇದ್ದರು.

ಸಾಮಾನು ಇಳಿಸಿದ್ದೇ ಅವನನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ನಾಲ್ಕು ಭಾರಿ ಫಿರಂಗಿಗಳಿಗೆಂದು ಮಾಡಿದ ಜಾಗ. ಬೇಸಿಗೆಯೆಂದು ಕ್ಯಾಲೆಂಡರಿನಲ್ಲಿತ್ತು, ಗಾಳಿ ಕ್ಯಾಲೆಂಡರ್ ನೋಡಿರಲಿಲ್ಲ. ಮಂಕಿ ಟೋಪಿ ಸರಿಪಡಿಸಿಕೊಂಡು ಸಮುದ್ರದ ಕಡೆ ಕೈಚಾಚಿ, “ನೋಡು ಮರಿ, ನೇರ ಎದುರಿಗಿರೋದೇ ಫ್ರಾನ್ಸ್” ಎಂದೆ. ಅವನು ಅಮ್ಮನ ಫೋನಿನಲ್ಲಿ ನಕ್ಷೆ ತೆಗೆದು, “ತಾತ, ಎದುರಿಗಿರೋದು ಹಾಲೆಂಡ್. ಫ್ರಾನ್ಸ್ ಆ ಕಡೆ” ಎಂದು ನನ್ನ ಕೈಯನ್ನು ಹಿಡಿದು ಬಲಕ್ಕೆ ತಿರುಗಿಸಿದ. “ಆಗ ಹಾಲೆಂಡಿಗೆ ರಾಜನಾಗಿದ್ದವನು ನೆಪೋಲಿಯನ್ನನ ತಮ್ಮ ಲೂಯಿಯೇ. ಎಲ್ಲ ಒಂದೇ ಮನೆ” ಎಂದು ಸಾವರಿಸಿಕೊಂಡೆ. ಅದು ನಿಜವೂ ಹೌದು. ಆದರೆ ಮೇಷ್ಟ್ರಾದವನಿಗೆ ನಿಜ ನೆನಪಾಗಬೇಕಾದ್ದು ಕೈಚಾಚುವ ಮೊದಲು.

ಸಂಜೆ ಅಡುಗೆಗೆ ನಿಂತೆ. ಅನ್ನ, ತಿಳಿಸಾರು, ಆಲೂಗಡ್ಡೆ ಪಲ್ಯ. ಕುಕ್ಕರಿನಲ್ಲಿ ಬೇಳೆ ಇಟ್ಟು ಮೂರು ಕೂಗು ಎಣಿಸುವುದು ಎಂದು ತಾನೆ ಶಾಸ್ತ್ರ? ಕುಕ್ಕರ್ ಕೂಗಿತು. ಆ ಕೂಗು ಕಮಾನಿಗೆ ಬಡಿದು, ಅಲ್ಲಿಂದ ಎದುರು ಗೋಡೆಗೆ ಹೋಗಿ, ಮಲಗುವ ಕೋಣೆ ಸುತ್ತಿ, ಮತ್ತೆ ಅಡುಗೆಮನೆಗೆ ಬಂತು. ಕೋಣೆಗಳ ಅಡ್ಡಗೋಡೆಗಳು ಚಾವಣಿಯವರೆಗೆ ಹೋಗುವುದಿಲ್ಲ; ಕಮಾನಿನ ಅಂದ ಕಾಣಲಿ ಎಂದು ಮೇಲೆ ಬಿಟ್ಟಿದ್ದಾರೆ. ಹೋದ ಕೂಗು, ಬಂದ ಕೂಗು ಸೇರಿಸಿ ನಾನು ಮೂರು ಎಣಿಸಿ ಒಲೆ ಆರಿಸಿದೆ. ಮುಚ್ಚಳ ತೆಗೆದರೆ ಬೇಳೆ ಒಂದೊಂದೂ ತನ್ನ ವ್ಯಕ್ತಿತ್ವ ಉಳಿಸಿಕೊಂಡು ನೀರಿನಲ್ಲಿ ಕುಳಿತಿತ್ತು.

ಇರಲಿ, ಒಗ್ಗರಣೆ ಸರಿಯಾದರೆ ಸಾರು ಸರಿಹೋಗುತ್ತದೆ ಎಂದು ಬಾಣಲೆಗೆ ಎಣ್ಣೆ ಸುರಿದೆ. ಎಣ್ಣೆ ಕಾಯುವಷ್ಟರಲ್ಲಿ ಮೊಮ್ಮಗನಿಗೆ ಕಾರ್ಸಿಕಾ ಯುದ್ಧದ ಉಳಿದ ಭಾಗ ಹೇಳಲು ತಿರುಗಿದೆ. ಕಾರ್ಸಿಕಾ ಬೀಳುವ ಹೊತ್ತಿಗೆ ಎಣ್ಣೆ ಹೊಗೆಯಾಡುತ್ತಿತ್ತು. ಗಾಬರಿಯಲ್ಲಿ ಸಾಸಿವೆ, ಇಂಗು, ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಎಲ್ಲವನ್ನೂ ಒಟ್ಟಿಗೆ ಎಸೆದೆ. ಘಾಟು ಏರಿತು. ಮೇಲಿದ್ದ ಹೊಗೆ ಸೂಚಕ ಗಂಟಲು ತೆರೆಯಿತು. ಕುಕ್ಕರಿನ ಕೂಗು ಸುತ್ತಿದ ದಾರಿಯಲ್ಲೇ ಇದೂ ಸುತ್ತಿತು, ಹತ್ತು ಪಟ್ಟು ಜೋರಾಗಿ. ಮಗಳು ಕೆಮ್ಮುತ್ತಾ ಒಂದು ಕಡೆ, ಮೊಮ್ಮಗ ಕಿವಿ ಮುಚ್ಚಿಕೊಂಡು ಇನ್ನೊಂದು ಕಡೆ. ನನ್ನಾಕೆ ಮಾತ್ರ ಸೆರಗನ್ನು ಮೂಗಿಗೆ ಹಿಡಿದು, ಒಲೆ ಆರಿಸಿ, ಬಾಣಲೆಯನ್ನು ಎತ್ತಿಕೊಂಡು ಹೋಗಿ ಸೇತುವೆಯ ಮೇಲಿಟ್ಟು ಬಂದಳು. ಕಂದಕ, ಸೇತುವೆ ಇವೆಲ್ಲ ಯಾತಕ್ಕೆಂದು ನಮ್ಮಲ್ಲಿ ಮೊದಲು ಅರಿತವಳು ಅವಳೇ.

ನಾನು ಮಾಳಿಗೆಗೆ ಓಡಿದೆ. ಮೇಲಿನ ಬಾಗಿಲು ತೆರೆದು, ಕೈಗೆ ಸಿಕ್ಕ ನನ್ನ ಬಿಳಿ ಪಂಚೆಯಿಂದ ಹೊಗೆಯನ್ನು ಹೊರಕ್ಕೆ ಬೀಸತೊಡಗಿದೆ. ಹಿಂದೆಯೇ ಬಂದ ಮೊಮ್ಮಗ ಸ್ವಲ್ಪ ಹೊತ್ತು ನೋಡಿ ಕೇಳಿದ: “ತಾತ, ಕೋಟೆ ಮೇಲೆ ವೈಟ್ ಫ್ಲ್ಯಾಗ್ ಆಡಿಸಿದ್ರೆ ಸರೆಂಡರ್ ಅಂತ ಅಲ್ವಾ?”

ಬೀಸುವುದನ್ನು ನಿಲ್ಲಿಸಿದೆ. ನೆಪೋಲಿಯನ್ನನ ಕೈಲೂ ಆಗದ ಕೆಲಸ ಒಂದು ಹಿಡಿ ಬ್ಯಾಡಗಿಯಿಂದ ಆಗಿಹೋಗಿತ್ತು. ಕೆಳಗೆ ನಾಯಿಯೊಂದಿಗೆ ಹೊರಟಿದ್ದ ಮುದುಕರೊಬ್ಬರು ತಲೆಯೆತ್ತಿ, ಎಲ್ಲ ಸರಿಯಿದೆಯೇ ಎಂದು ಕೂಗಿ ಕೇಳಿದರು. ಸಾಸಿವೆ ಸೀದಿದೆ ಅಷ್ಟೇ ಎಂದು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, “ನೋ ಪ್ರಾಬ್ಲಂ, ಓನ್ಲಿ ಮಸ್ಟರ್ಡ್ ಗ್ಯಾಸ್!” ಅವರು ನಾಯಿಯನ್ನು ಎತ್ತಿಕೊಂಡು ನಡೆದ ವೇಗ ಆ ವಯಸ್ಸಿಗೆ ಮೆಚ್ಚತಕ್ಕದ್ದು. ಮೊದಲ ಮಹಾಯುದ್ಧದ ಪಾಠವನ್ನು ಅಷ್ಟು ವರ್ಷ ಮಾಡಿದ ನನಗೆ ಆ ಪದ ಅವರ ಅಜ್ಜಂದಿರಿಗೆ ಏನಾಗಿತ್ತೆಂದು ಹೊಳೆದದ್ದು ಅವರು ಮರೆಯಾದ ಮೇಲೆ.

ಅಂದು ರಾತ್ರಿ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಬೆಳಗ್ಗೆ ಎದ್ದರೆ ಮೂವರ ಕಣ್ಣೂ ಕೆಂಪು. ಘಾಟಿನದಲ್ಲ, ನಿದ್ದೆಗೆಟ್ಟದ್ದು. ಮೇಲೆ ತೆರೆದ ಅಡ್ಡಗೋಡೆಗಳ ಬಗ್ಗೆ ಹೇಳಿದೆನಲ್ಲ. “ಗೋಲಗುಮ್ಮಟದಲ್ಲಿ ಏಳು ಸಲ ಕೇಳ್ಸತ್ತೆ ಅಂತಾರೆ” ಎಂದಳು ನನ್ನಾಕೆ, “ನಿಮ್ಮ ಗೊರಕೆ ಎಷ್ಟು ಸಲ ಅಂತ ಎಣಿಸೋಕೆ ಆಗ್ಲಿಲ್ಲ.”

ಇನ್ನು ಊರು ನೋಡುವ ಕೆಲಸ. ಇಲ್ಲಿಯ ಕಡಲತೀರದಲ್ಲಿ ಮರಳಿಲ್ಲ, ಬರೀ ಬೆಣಚುಕಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಒಂದು ಕಾಲದಲ್ಲಿ ಗೋಪುರದ ಪಕ್ಕದಲ್ಲಿ ಸ್ಲಾಡನ್ ಎಂಬ ಹಳ್ಳಿಯಿತ್ತು, ಸಮುದ್ರ ತಿಂದುಹಾಕಿತು. ಆಲ್ಡ್‌ಬರೊದ ಮೂಟ್ ಹಾಲ್ ಎಂಬ ಹಳೆಯ ಟ್ಯೂಡರ್ ಕಟ್ಟಡ ಮೊದಲು ಊರಿನ ನಡುವೆ ಇತ್ತಂತೆ. ಈಗ ಅದು ಕಡಲತೀರಕ್ಕೆ ಬಂದಿದೆ. ಕಟ್ಟಡ ಕದಲಲಿಲ್ಲ, ಸಮುದ್ರ ಬಂತು. ಇಂಗ್ಲೆಂಡಿನ ಮೊದಲ ಮಹಿಳಾ ಮೇಯರ್ ಆದ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ 1908ರಲ್ಲಿ ಅಧಿಕಾರ ವಹಿಸಿಕೊಂಡದ್ದು ಈ ಪುಟ್ಟ ಊರಿನಲ್ಲೇ ಎಂದು ಮಗಳು ಓದಿ ಹೇಳಿದಳು. “ಹೆಂಗಸರ ಕೈಗೆ ಕೊಟ್ಟಿದ್ರಿಂದ್ಲೇ ಇಷ್ಟಾದ್ರೂ ಉಳಿದಿದೆ” ಎಂದಳು ಅವಳಮ್ಮ, ನನ್ನ ಕಡೆ ನೋಡದೆಯೇ.

ತೀರದ ಉತ್ತರಕ್ಕೆ ಆಳೆರಡು ಎತ್ತರದ ಉಕ್ಕಿನ ಚಿಪ್ಪೊಂದು ನಿಂತಿದೆ. ಈ ಊರಿನಲ್ಲಿ ಬಾಳಿ, 1948ರಲ್ಲಿ ಇಲ್ಲಿಯ ಸಂಗೀತೋತ್ಸವವನ್ನು ಗೆಳೆಯರೊಂದಿಗೆ ಆರಂಭಿಸಿದ ಬೆಂಜಮಿನ್ ಬ್ರಿಟನ್‌ನ ನೆನಪಿಗೆ ಶಿಲ್ಪಿ ಮ್ಯಾಗಿ ಹ್ಯಾಂಬ್ಲಿಂಗ್ 2003ರಲ್ಲಿ ಮಾಡಿದ್ದು. ಮಕ್ಕಳೆಲ್ಲ ಅದನ್ನು ಹತ್ತಿ ಕೂರುತ್ತಾರೆ. ಮೊಮ್ಮಗ ಹತ್ತಿ ಇಳಿದ. ನಾನೂ ಹತ್ತಿದೆ. ಇಳಿಸಿದವರು ಇಬ್ಬರು ಜರ್ಮನ್ ಪ್ರವಾಸಿಗರು.

ಮಧ್ಯಾಹ್ನ ಎಲ್ಲರಿಗೂ ಹಸಿವು. ಗೋಪುರದ ಉಗ್ರಾಣದ ಮೇಲೆ ಯಾರಿಗೂ ಭರವಸೆ ಇರಲಿಲ್ಲವಾಗಿ, ಮೀನಿನಂಗಡಿಯ ಉದ್ದನೆಯ ಸಾಲಿನಲ್ಲಿ ನಿಂತು ಬರೀ ಆಲೂಗಡ್ಡೆ ಚಿಪ್ಸ್ ಕೊಂಡು ತಂದು ಕಡಲಿಗೆ ಎದುರಾಗಿ ಕೂತೆವು. ಗಲ್ ಹಕ್ಕಿಗಳಿಗೆ ತಿನ್ನಲು ಹಾಕಬೇಡಿ ಎಂದು ಫಲಕವಿತ್ತು. ನಾನು ಹಾಕಲಿಲ್ಲ. ಒಂದು ಚಿಪ್ಸನ್ನು ಬೆರಳಲ್ಲಿ ಹಿಡಿದು, ಶತ್ರು ನೌಕೆ ಯಾವ ದಿಕ್ಕಿನಿಂದ ಬಂದರೂ ನಾಲ್ಕು ಫಿರಂಗಿಗಳಲ್ಲಿ ಒಂದಾದರೂ ಹೇಗೆ ಅದರ ಗುರಿ ಹಿಡಿಯುತ್ತದೆಂದು ವಿವರಿಸುತ್ತಾ ಕೈಯನ್ನು ಆಕಾಶಕ್ಕೆ ಎತ್ತಿದೆ, ಅಷ್ಟೇ. ಹಿಂದಿನಿಂದ ಬಂತು. ಚಿಪ್ಸ್ ಹೋಯಿತು, ಮಂಕಿ ಟೋಪಿ ಹೋಯಿತು. ಟೋಪಿ ರುಚಿಸಲಿಲ್ಲವೆಂದು ಕಾಣುತ್ತದೆ, ನೀರಿನಲ್ಲಿ ಬಿಟ್ಟುಹೋಯಿತು. ಮಾರ್ಟೆಲೊ ಗೋಪುರಗಳ ಯೋಜನೆಯಲ್ಲಿ ಆಕಾಶದ ದಾಳಿಗೆ ಉತ್ತರವಿಲ್ಲ ಎಂಬುದು ಅನೇಕ ಪುಸ್ತಕಗಳಲ್ಲಿ ಬಿಟ್ಟುಹೋದ ವಿಷಯ.

ನನಗೆ ಮೊದಲ ದಿನದಿಂದಲೂ ಒಂದು ಆಸೆಯಿತ್ತು. ಶ್ರೀರಂಗಪಟ್ಟಣದವರಿಗೆ ಸಂಗಮವೆಂದರೆ ಪ್ರಾಣ. ಇಲ್ಲಿಯೂ ನದಿ ಪಕ್ಕದಲ್ಲಿದೆ, ಸಮುದ್ರ ಪಕ್ಕದಲ್ಲಿದೆ. ಎರಡೂ ಸೇರುವ ಜಾಗಕ್ಕೆ ಹೋಗಿ ಕಾಲು ತೊಳೆದು ಬರೋಣ, ಎರಡು ಹೆಜ್ಜೆ ಅಷ್ಟೇ ಎಂದು ಎಲ್ಲರನ್ನೂ ಎಬ್ಬಿಸಿದೆ. ಗೋಪುರದ ಮೇಲಿಂದ ಕಲ್ಲೆಸೆದರೆ ಒಂದು ಕಡೆ ನದಿಗೆ ಬೀಳುತ್ತದೆ, ಇನ್ನೊಂದು ಕಡೆ ಸಮುದ್ರಕ್ಕೆ; ಸಂಗಮ ಇನ್ನೆಷ್ಟು ದೂರ ಇರಲು ಸಾಧ್ಯ?

ಆಲ್ಡ್ ನದಿಯ ಸ್ವಭಾವ ನನಗೆ ಗೊತ್ತಿರಲಿಲ್ಲ. ಸಮುದ್ರದ ಬಾಗಿಲಿಗೆ ಬಂದು, ಇನ್ನೇನು ಒಳಗೆ ಕಾಲಿಡಬೇಕು ಎನ್ನುವಷ್ಟರಲ್ಲಿ ಇದು ದಕ್ಷಿಣಕ್ಕೆ ತಿರುಗಿಬಿಡುತ್ತದೆ. ಅಲ್ಲಿಂದ ಸಮುದ್ರಕ್ಕೆ ಸಮಾನಾಂತರವಾಗಿ ಸುಮಾರು 16 ಕಿಲೋಮೀಟರ್ ಹರಿದು, ನಡುವೆ ಓರ್ ಎಂದು ಹೆಸರನ್ನೂ ಬದಲಾಯಿಸಿಕೊಂಡು, ಶಿಂಗಲ್ ಸ್ಟ್ರೀಟ್ ಎಂಬ ಊರಿನ ಹತ್ತಿರ ಕಡಲು ಸೇರುತ್ತದೆ. ಹೊರಟೆ ಹೊರಟೆ ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲಲ್ಲಿ ನಿಂತು ಮತ್ತೆ ಒಂದು ಗಂಟೆ ಮಾತಾಡುವ ನಮ್ಮ ಸೋದರತ್ತೆಯ ನಡೆಯೇ ಇದರದು. ಅಲೆಗಳು ದಡದುದ್ದಕ್ಕೂ ಕಲ್ಲು ತಳ್ಳಿ ತಳ್ಳಿ ಬೆಳೆಸಿದ ಆರ್ಫರ್ಡ್ ನೆಸ್ ಎಂಬ ಉದ್ದನೆಯ ಕಲ್ಲುನಾಲಗೆ ನದಿಗೆ ಅಡ್ಡ ಮಲಗಿದೆ. ಅದರ ಮೇಲೆ ನೇರ ನಡೆದುಹೋಗುವಂತಿಲ್ಲ. ರೇಡಾರಿನ ಆರಂಭದ ಪ್ರಯೋಗಗಳು ಕೆಲವು 1935ರಲ್ಲಿ ನಡೆದದ್ದು ಅಲ್ಲಿ. ಆಮೇಲೆ ಅಣುಬಾಂಬಿನ ಭಾಗಗಳನ್ನು ಪರೀಕ್ಷಿಸಿದ್ದೂ ಅಲ್ಲಿ. ಈಗ ನ್ಯಾಷನಲ್ ಟ್ರಸ್ಟಿನ ಕೈಯಲ್ಲಿದ್ದು, ನೋಡಬೇಕಾದರೆ ಆರ್ಫರ್ಡ್ ಊರಿಗೆ ಹೋಗಿ ದೋಣಿ ಹತ್ತಬೇಕು.

ಇಷ್ಟನ್ನೂ ಮಗಳು ಫೋನಿನಲ್ಲಿ ಓದಿ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳದೆ ನದಿಯ ಅಂಚಿನಲ್ಲಿ ಸಂಗಮದ ದಿಕ್ಕಿಗೆ ಹೆಜ್ಜೆ ಹಾಕಿದ್ದೆ. ನೀರು ಇಳಿದ ಹೊತ್ತು. ಎದುರಿಗೆ ನುಣ್ಣನೆಯ, ಹೊಳೆಯುವ ಬೂದುಬಣ್ಣದ ನೆಲ. ಒಂದು ಕಾಲಿಟ್ಟೆ. ಕಾಲು ಹೋಯಿತು. ಅದನ್ನು ಎಳೆಯಲು ಇನ್ನೊಂದಿಟ್ಟೆ. ಅದೂ ಹೋಯಿತು. ಮೊಣಕಾಲಿನವರೆಗೆ ಕೆಸರಿನಲ್ಲಿ ನೆಟ್ಟು ನಿಂತು, ನಿಶ್ಚಿಂತನಾಗಿರುವವನ ಮುಖ ಮಾಡಿಕೊಂಡು ದಿಗಂತ ನೋಡಿದೆ. ಮಗಳು, ಅವಳಮ್ಮ ಇಬ್ಬರೂ ಸೇರಿ ಎಳೆದಾಗ ನಾನು ಬಂದೆ. ಅಳಿಯಂದಿರು ಹುಟ್ಟುಹಬ್ಬಕ್ಕೆ ಕೊಡಿಸಿದ್ದ ಬಲಗಾಲಿನ ಬೂಟು ಬರಲಿಲ್ಲ. ಅದು ನದಿಯೊಂದಿಗೆ ನಿಧಾನವಾಗಿ ಸಂಗಮಕ್ಕೆ ಹೋಗಿರಬೇಕು. ನಮ್ಮ ಪೈಕಿ ಒಬ್ಬರಿಗಾದರೂ ಆ ಪುಣ್ಯ ಬಂತು.

ಎಡಗಾಲಿಗೆ ಬೂಟು, ಬಲಗಾಲಿಗೆ ಮಗಳ ಮನೆಯ ಹವಾಯಿ ಚಪ್ಪಲಿ, ಈ ವೇಷದಲ್ಲಿ ಮರುದಿನ ಪಕ್ಕದ ಥಾರ್ಪ್‌ನೆಸ್‌ಗೆ ಹೋದೆವು. ನೋಡಲೇಬೇಕಾದ ಊರು. ಊರಿಗೆ ಊರೇ ಒಬ್ಬ ಶ್ರೀಮಂತನ ಕನಸು. ಸ್ಟುವರ್ಟ್ ಓಗಿಲ್ವಿ ಎಂಬಾತ ಸುಮಾರು ನೂರು ವರ್ಷದ ಹಿಂದೆ ಇದನ್ನು ರಜೆ ಕಳೆಯುವವರ ಊರಾಗಿ ಕಟ್ಟಿಸಿದ. ಊರಿಗೆ ನೀರಿನ ಟ್ಯಾಂಕ್ ಬೇಕಲ್ಲ? ಕಂಬದ ಮೇಲಿನ ಟ್ಯಾಂಕು ಕಣ್ಣಿಗೆ ಚೆನ್ನಾಗಿರುವುದಿಲ್ಲ ಎಂದು ಅದಕ್ಕೆ ಕಿಟಕಿ, ಹೆಂಚು ಎಲ್ಲ ಇಟ್ಟು ಮನೆಯ ವೇಷ ಹಾಕಿಸಿದ. 1923ರಲ್ಲಿ ಕಟ್ಟಿದ ಆ ‘ಮೋಡದೊಳಗಿನ ಮನೆ’ ಮರಗಳ ಮೇಲೆ ಈಗಲೂ ತೇಲುತ್ತಾ ನಿಂತಿದೆ. ನಮ್ಮ ಕಡೆ ಓವರ್‌ಹೆಡ್ ಟ್ಯಾಂಕಿಗೆ ಉದ್ಘಾಟಿಸಿದವರ ಹೆಸರು ಬರೆಯುವುದಕ್ಕೆ ತೃಪ್ತರಾಗಿರುತ್ತೇವೆ.

ಅದೇ ಓಗಿಲ್ವಿ ಅಗೆಸಿದ ಕೆರೆ ಮಿಯರ್. ಪೀಟರ್ ಪ್ಯಾನ್ ಬರೆದ ಜೆ. ಎಂ. ಬ್ಯಾರಿ ಆತನ ಗೆಳೆಯ. ಹಾಗಾಗಿ ಕೆರೆಯ ಹಲವು ಜಾಗಗಳಿಗೆ ಆ ಕತೆಯ ಹೆಸರುಗಳು. ಮಕ್ಕಳು ಭಯವಿಲ್ಲದೆ ದೋಣಿ ನಡೆಸಲಿ ಎಂದು ಕೆರೆಯನ್ನು ಎಲ್ಲೂ ಸುಮಾರು ಮೂರು ಅಡಿಗಿಂತ ಆಳ ಇಡಲಿಲ್ಲ. ಈ ಕೊನೆಯ ವಿವರವನ್ನು ಮಗಳು ಟಿಕೆಟ್ ಕೊಳ್ಳುವಾಗ ಹೇಳಿದ್ದಳಂತೆ. ನಾನು ಆಗ ದೋಣಿಯವನಿಗೆ, ನಾನು ಕಾವೇರಿ ತೀರದವನು, ಹುಟ್ಟು ಹಾಕುವುದು ನನಗೆ ಹೇಳಿಕೊಡಬೇಕಾಗಿಲ್ಲ ಎಂದು ತಿಳಿಸುತ್ತಿದ್ದೆ. ಕಾವೇರಿಯಲ್ಲಿ ನಾನು ಕೂತದ್ದು ಹರಿಗೋಲಿನಲ್ಲಿ, ಹುಟ್ಟು ಹಾಕಿದ್ದು ಅಂಬಿಗ ಎಂಬುದನ್ನು ಆತನಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಈ ದೋಣಿಗಳಲ್ಲಿ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಬಂದ ದಾರಿ ಚೆನ್ನಾಗಿ ಕಾಣುತ್ತದೆ, ಹೋಗುವ ದಾರಿ ಕಾಣುವುದಿಲ್ಲ. ಚರಿತ್ರೆ ಮೇಷ್ಟ್ರಿಗೆ ಹೇಳಿ ಮಾಡಿಸಿದ ಆಸನ. ಹುರುಪಿನಿಂದ ಎಳೆದೆ. ಮೊಮ್ಮಗ “ತಾತ, ಲೆಫ್ಟ್... ತಾತ, ಲೆಫ್ಟ್!” ಎನ್ನುತ್ತಿದ್ದ. ಯಾರ ಎಡಗಡೆ ಎಂದು ನಾನು ಯೋಚಿಸುವಷ್ಟರಲ್ಲಿ ದೋಣಿ ಪೊದೆಗೆ ನುಗ್ಗಿ ನಿಂತಿತು. ಹಿಂದಕ್ಕೆ ತಿರುಗಿ ನೋಡಿದೆ. ಮೊಳದುದ್ದದಲ್ಲಿ ಬಾಯಿ ತೆರೆದ ಮೊಸಳೆ.

ಇಂಗ್ಲೆಂಡಿನಲ್ಲಿ ಮೊಸಳೆ ಇಲ್ಲ ಎಂಬುದು ನನ್ನ ಮಿದುಳಿಗೆ ಗೊತ್ತು. ಆದರೆ ನನ್ನ ಕಾಲುಗಳು ರಂಗನತಿಟ್ಟಿನ ಪಕ್ಕದಲ್ಲಿ ಬೆಳೆದಂಥವು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದನ್ನು ಕಂಡರೆ ಮೊದಲು ಓಡಬೇಕು, ವಿಚಾರ ಆಮೇಲೆ ಎಂದು ಅವಕ್ಕೆ ಬಾಲ್ಯದಲ್ಲೇ ಪಾಠವಾಗಿದೆ. ದೋಣಿಯಲ್ಲಿ ಎದ್ದು ಓಡಿದೆ. ದೋಣಿ ಅಲ್ಲಿಯೇ ಉಳಿಯಿತು, ನಾನು ನೀರಿಗೆ ಬಿದ್ದೆ. ಬಿದ್ದವನು ಕೈಕಾಲು ಬಡಿಯುತ್ತಾ, ನಿಮಿಷಾಂಬೆಯಿಂದ ಹಿಡಿದು ರಂಗನಾಥನವರೆಗೆ ಊರಿನ ದೇವರನ್ನೆಲ್ಲ ಕೂಗಿದೆ. ಸುತ್ತಲಿನ ದೋಣಿಗಳು ನಿಂತವು. ಯಾರೋ ಹುಡುಗಿ ವಿಡಿಯೊ ಮಾಡುತ್ತಿದ್ದಳು.

“ತಾತ” ಎಂದ ಮೊಮ್ಮಗ ಬಹಳ ಸಮಾಧಾನದಿಂದ, “ಎದ್ದು ನಿಂತ್ಕೊಳಿ.”

ಎದ್ದು ನಿಂತೆ. ನೀರು ತೊಡೆಯವರೆಗಿತ್ತು. ಮೊಸಳೆ ಪೀಟರ್ ಪ್ಯಾನ್ ಕತೆಯದು, ಬೊಂಬೆ. ಅದರ ಬೆನ್ನಿನ ಮೇಲೆ ಅಷ್ಟರಲ್ಲೇ ಪುಟ್ಟ ಮಗುವೊಂದು ಕೂತು ಐಸ್‌ಕ್ರೀಮ್ ತಿನ್ನುತ್ತಿತ್ತು. ದಡದಲ್ಲಿ ನನ್ನಾಕೆ ಟವೆಲ್ ಹಿಡಿದು ನಿಂತಿದ್ದಳು. ಟವೆಲನ್ನು ಬೆಳಗ್ಗೆಯೇ ಚೀಲಕ್ಕೆ ಹಾಕಿಕೊಂಡಿದ್ದಳಂತೆ. “ದೋಣಿಗೆ ಹೋಗ್ತೀವಿ ಅಂದ್ರಲ್ಲ, ಬೇಕಾಗತ್ತೆ ಅಂತ ಗೊತ್ತಿತ್ತು” ಎಂದಳು.

ಗೋಪುರಕ್ಕೆ ಮರಳಿದಾಗ ನಡುಗುತ್ತಿದ್ದೆ. ಸಾರು ಕುಡಿದರೆ ಸರಿಹೋಗುತ್ತದೆ, ಕೊತ್ತಂಬರಿ ಮಾತ್ರ ತಂದುಕೊಡಿ ಎಂದು ದಾರಿಯಲ್ಲೇ ನನ್ನನ್ನು ಅಂಗಡಿಗೆ ಕಳಿಸಿದ್ದಳು. ನಾನು ತಂದದ್ದು ಪಾರ್ಸ್ಲಿ. ಅದನ್ನು ಮೂಸಿ ನೋಡಿ, ಏನೂ ಅನ್ನದೆ ಹೂದಾನಿಗೆ ಹಾಕಿ ಕಿಟಕಿಯಲ್ಲಿಟ್ಟಳು. ಆ ಕ್ಷಣದಲ್ಲಿ ಉಗ್ರಾಣದ ಅಧಿಕಾರ ಕೈ ಬದಲಾಯಿತು. ಗುಂಡು ಹಾರಲಿಲ್ಲ, ಸಂಧಿಪತ್ರ ಬರೆಯಲಿಲ್ಲ. ನಾನು ಸೌಟನ್ನು ಮೇಜಿನ ಮೇಲಿಟ್ಟೆ, ಅವಳು ಎತ್ತಿಕೊಂಡಳು. ಕೋಟೆಗಳು ಹೀಗೂ ಬೀಳುತ್ತವೆ ಎಂದು ನಾನು ಮಕ್ಕಳಿಗೆ ಪಾಠ ಮಾಡಿರಲಿಲ್ಲ.

ಅಂದಿನಿಂದ ಊಟ ಹೊತ್ತಿಗೆ ಸರಿಯಾಗಿ ಆಯಿತು. ಬಿಸಿಬೇಳೆಬಾತ್ ಆಯಿತು, ಅಕ್ಕಿರೊಟ್ಟಿ ಆಯಿತು. ಹೊಗೆ ಸೂಚಕ ಬಾಯಿ ಬಿಡಲಿಲ್ಲ. ಒಂದು ಸಂಜೆ ನಾಯಿಯ ಮುದುಕರು ಗೋಪುರದ ಪಕ್ಕದಲ್ಲೇ ಹಾದುಹೋದರು. ವಾಸನೆ ಹಿಡಿದು ನಿಂತವರು ಒಂದು ಬಟ್ಟಲು ಸಾರು ಕುಡಿದು, ಕಣ್ಣೊರೆಸಿಕೊಂಡು, ಅದ್ಭುತ ಎಂದರು. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದೇ ಇದ್ದರು.

ಈ ಮನೆಗಳಲ್ಲಿ ಒಂದು ಸಂಪ್ರದಾಯವಿದೆ. ತಂಗಿದವರು ತಮ್ಮ ಅನುಭವ ಬರೆದಿಡಲು ಒಂದು ದೊಡ್ಡ ಪುಸ್ತಕ ಇಟ್ಟಿರುತ್ತಾರೆ. ಎಲ್ಲಿ ನಡೆದಾಡಿದರು, ಯಾವ ಹಕ್ಕಿ ಕಂಡರು, ಯಾವ ಅಂಗಡಿಯ ಬ್ರೆಡ್ಡು ಚೆನ್ನ, ಮುಂದೆ ಬರುವವರಿಗೆ ಇವೆಲ್ಲ ಉಪಯೋಗವಾಗಲಿ ಎಂದು. ಹೊರಡುವ ದಿನ ನಾನು ಪೆನ್ನು ಹಿಡಿದು ಕೂತೆ. ಮೊರ್ಟೆಲ್ಲಾ ಭೂಶಿರ, ಟಿಪ್ಪುವಿನ ಕಾಗದ, ನಾಲ್ಕೆಸಳಿನ ರಚನೆಯ ಸೈನಿಕ ಮಹತ್ವ ಇವನ್ನೆಲ್ಲ ಕುರಿತು ಘನವಾದ ಇಂಗ್ಲಿಷಿನಲ್ಲಿ ಎರಡು ಪುಟ ತುಂಬಿಸಿದೆ. ದೋಣಿ, ಬೂಟು, ಪಂಚೆಗಳ ಪ್ರಸ್ತಾಪಕ್ಕೆ ಸ್ಥಳ ಸಾಲಲಿಲ್ಲ.

ಕಾರಿಗೆ ಸಾಮಾನು ಸಾಗಿಸಿ ಬರುವಷ್ಟರಲ್ಲಿ ನನ್ನ ಬರಹದ ಕೆಳಗೆ ಕನ್ನಡದಲ್ಲಿ ದುಂಡಗಿನ ಅಕ್ಷರ ಬಿದ್ದಿತ್ತು: “ನಮ್ಮ ಕಡೆಯವರು ಯಾರಾದರೂ ಬಂದರೆ ಗಮನಿಸಿ. ಕುಕ್ಕರ್ ಕೂಗು ಕಿವಿಯಲ್ಲಿ ಎಣಿಸಬೇಡಿ, ಗಡಿಯಾರ ನೋಡಿ. ಒಗ್ಗರಣೆಗೆ ಮೊದಲು ಬಾಗಿಲು ತೆಗೆಯಿರಿ. ಪಾರ್ಸ್ಲಿ ಸಾರಿಗೆ ಆಗುವುದಿಲ್ಲ. ಮನೆಯ ಯಜಮಾನರನ್ನು ಮಾಳಿಗೆಗೆ ಕಳಿಸಿ, ಫ್ರಾನ್ಸ್ ಯಾವ ಕಡೆಗಿದೆ ಎಂದು ಹುಡುಕಲು ಹೇಳಿ. ಅಷ್ಟರಲ್ಲಿ ಅಡುಗೆ ಆಗುತ್ತದೆ.”